ಅವ್ವನ ಮಣಿಕಟ್ಟಿನ ಮೇಲಿನ ಎಪ್ಪತ್ನಾಲ್ಕು

ಒಗ್ಗರಣೆಗೆ ಸಾಸಿವೆ ಹಾಕಿದ ಅವ್ವ, ಸೌಟನ್ನು ಕೈಯಲ್ಲೇ ಹಿಡಿದುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು.

ಬೀಳಲಿಲ್ಲ. ಕೂತಳು. ಬೆಳಗಿನ ಆರೂಮುಕ್ಕಾಲು. ನಾನು ಸಿಂಕಿನಲ್ಲಿ ಟಿಫಿನ್ ಡಬ್ಬಿ ತೊಳೆಯುತ್ತಿದ್ದೆ. ಬಾಣಲೆಯಲ್ಲಿ ಸಾಸಿವೆ ಸಿಡಿಯುತ್ತಲೇ ಇತ್ತು. ಸ್ಟವ್ ಆರಿಸಿ ಅವಳ ಪಕ್ಕ ಕೂತೆ.

"ಏನಾಯ್ತವ್ವ?"

"ಎದೆ ಕಣೆ ಸವಿ. ಎಂಗೆಂಗೋ ಬಡ್ಕೊತದೆ."

"ಹೆಂಗೆಂಗೋ ಅಂದ್ರೆ?"

ಅವಳು ಬಾಣಲೆಯ ಕಡೆಗೆ ಗಲ್ಲ ಎತ್ತಿ ತೋರಿಸಿದಳು. "ಅಂಗೆ. ಸಾಸ್ವೆ ಸಿಡಿಯಲ್ವ, ಅಂಗೆ. ಒಂದು ಸಿಡೀತದೆ, ಸುಮ್ಕಿರ್ತದೆ, ಆಮೇಲೆ ನಾಕು ಒಟ್ಟಿಗೆ. ಬೇಕಾರೆ ಕೈ ಹಿಡ್ಕೊಂಡು ನೋಡು."

ಎಡಗೈಯನ್ನು ನನ್ನ ಕಡೆಗೆ ಚಾಚಿದಳು.

ನಾನು ಕೈ ಹಿಡಿಯಲಿಲ್ಲ. ಆ ಕೈಗೆ ಕಟ್ಟಿದ್ದ, ಎದೆ ಬಡಿತ ತೋರಿಸುವ ಬ್ಯಾಂಡನ್ನು ನನ್ನ ಕಡೆಗೆ ತಿರುಗಿಸಿ ನೋಡಿದೆ.

ಎಪ್ಪತ್ನಾಲ್ಕು.

"ಎಪ್ಪತ್ನಾಲ್ಕಿದೆ ಕಣವ್ವ. ನಾರ್ಮಲ್. ಗ್ಯಾಸ್ ಇರ್ಬೇಕು" ಅಂದೆ.

ಇದಾಗಿ ನಾಲ್ಕು ತಿಂಗಳಾಯಿತು. ಈ ನಾಲ್ಕು ತಿಂಗಳಲ್ಲಿ ಆ ಬೆಳಗನ್ನು ಎಷ್ಟು ಸಲ ಮತ್ತೆ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಅವ್ವ ಕೈ ಚಾಚುತ್ತಾಳೆ. ಪ್ರತಿ ಸಲವೂ ನಾನು ಕೈ ಬಿಟ್ಟು ಅಂಕಿ ನೋಡುತ್ತೇನೆ.

ಕೈ ಹಿಡಿದು ನೋಡು ಎಂದು ಅವ್ವ ಸುಮ್ಮನೆ ಅಂದಿರಲಿಲ್ಲ. ಜಯಲಕ್ಷ್ಮಿಪುರಂನ ಒಂದು ನರ್ಸಿಂಗ್ ಹೋಮಿನಲ್ಲಿ ಇಪ್ಪತ್ತೆರಡು ವರ್ಷ ಆಯಾ ಆಗಿದ್ದವಳು ಅವಳು. ಅಶೋಕಪುರಂನ ನಮ್ಮ ಮನೆಯಿಂದ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದಳು. ಅಪ್ಪ ತೀರಿಕೊಂಡಾಗ ನಾನು ಹೈಸ್ಕೂಲಿನಲ್ಲಿದ್ದೆ. ಆಮೇಲೆ ನನ್ನ ಬಿ.ಎಸ್‌ಸಿ. ಮುಗಿದದ್ದು ಅವಳು ಅಲ್ಲಿ ಬೆಡ್‌ಪ್ಯಾನ್ ತೊಳೆದ ಸಂಬಳದಲ್ಲಿ. ಸಿಸ್ಟರ್‌ಗಳು ಪೇಶೆಂಟಿನ ಮಣಿಕಟ್ಟಿನ ಮೇಲೆ ಬೆರಳಿಟ್ಟು, ಇನ್ನೊಂದು ಕೈಯ ಗಡಿಯಾರ ನೋಡುತ್ತಾ ತುಟಿಯಲ್ಲೇ ಎಣಿಸುವುದನ್ನು ಅವ್ವ ನನಗೆ ಚಿಕ್ಕಂದಿನಲ್ಲಿ ಅಭಿನಯಿಸಿ ತೋರಿಸುತ್ತಿದ್ದಳು. ಅವಳ ಮಟ್ಟಿಗೆ ವೈದ್ಯಕೀಯ ಎಂದರೆ ಮೊದಲು ಯಾರಾದರೂ ಕೈ ಹಿಡಿಯಬೇಕು.

ನಾನು ಕಡಕೊಳದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ನನ್ನ ಕೆಲಸ ಅಳತೆಯ ಉಪಕರಣಗಳನ್ನು ಪರೀಕ್ಷಿಸುವುದು. ಕ್ಯಾಲಿಪರ್, ಮೈಕ್ರೋಮೀಟರ್, ಪ್ರೆಶರ್ ಗೇಜ್ ಎಲ್ಲವೂ ಸರದಿಯ ಮೇಲೆ ನನ್ನ ಮೇಜಿಗೆ ಬರುತ್ತವೆ. ಅಳತೆ ಖಚಿತವಾಗಿ ಗೊತ್ತಿರುವ ಒಂದು ಉಕ್ಕಿನ ತುಂಡು ನನ್ನ ಹತ್ತಿರ ಇರುತ್ತದೆ. ಅದನ್ನು ಮಾಸ್ಟರ್ ಅನ್ನುತ್ತೇವೆ. ಉಪಕರಣದಿಂದ ಮಾಸ್ಟರನ್ನು ಅಳೆಯಬೇಕು. ಎರಡೂ ಹೊಂದಿದರೆ ಹಸಿರು ಸ್ಟಿಕರ್. ಹೊಂದದಿದ್ದರೆ ಕೆಂಪು ಸ್ಟಿಕರ್, ಬಳಸುವಂತಿಲ್ಲ. ಹೊಸದಾಗಿ ಡಬ್ಬಿಯಿಂದ ಬಂದ ಉಪಕರಣವಾದರೂ ಸರಿ, ಎಷ್ಟೇ ದೊಡ್ಡ ಕಂಪನಿಯದಾದರೂ ಸರಿ, ಮಾಸ್ಟರಿಗೆ ಹಿಡಿದು ನೋಡದೆ ಶಾಪ್‌ಫ್ಲೋರಿಗೆ ಬಿಡುವುದಿಲ್ಲ. ಈ ವಿಷಯದಲ್ಲಿ ನಾನು ಕಟ್ಟುನಿಟ್ಟು. ಆಪರೇಟರ್‌ಗಳು ನನ್ನನ್ನು ಹಿಂದಿನಿಂದ "ಅನುಮಾನದಕ್ಕ" ಎಂದು ಕರೆಯುತ್ತಾರೆ ಅಂತಲೂ ಗೊತ್ತು.

ಆ ಬ್ಯಾಂಡು ಬಂದದ್ದೂ ಕಾರ್ಖಾನೆಯಿಂದಲೇ. ಸುರಕ್ಷತಾ ಸಪ್ತಾಹದಲ್ಲಿ ಎಲ್ಲರಿಗೂ ಒಂದೊಂದು ಕೊಟ್ಟಿದ್ದರು. ಹೆಜ್ಜೆ, ನಿದ್ದೆ, ಹಾರ್ಟ್ ರೇಟ್ ಎಲ್ಲ ತೋರಿಸುತ್ತದೆ ಎಂದು ಹೇಳಿದ್ದರು. ಮೆಷಿನ್ ಹತ್ತಿರ ಕೈಗೆ ಏನೂ ಕಟ್ಟುವಂತಿಲ್ಲವಾದ್ದರಿಂದ ನನಗೆ ಅದರ ಉಪಯೋಗವಿರಲಿಲ್ಲ. ಅವ್ವನಿಗೆ ಬಿ.ಪಿ. ಇತ್ತು. ದಿನವಿಡೀ ಒಬ್ಬಳೇ ಮನೆಯಲ್ಲಿರುತ್ತಾಳೆ. ಅವಳ ಫೋನಿಗೆ ಜೋಡಿಸಿ, ನನ್ನ ಫೋನಿನಲ್ಲೂ ಕಾಣುವ ಹಾಗೆ ಮಾಡಿದರೆ ಕಡಕೊಳದಲ್ಲಿ ಕೂತೇ ಅವಳನ್ನು ನೋಡಿಕೊಳ್ಳಬಹುದು ಅನ್ನಿಸಿತು.

ಅವ್ವನ ಎಡಗೈಯಲ್ಲಿ ಹಚ್ಚೆಯಿದೆ. ಹನ್ನೊಂದನೇ ವಯಸ್ಸಿನಲ್ಲಿ ಊರಿನಲ್ಲಿ ಹಾಕಿಸಿಕೊಂಡದ್ದು. ಮೊಣಕೈ ಕೆಳಗಿನಿಂದ ಶುರುವಾಗಿ ಮಣಿಕಟ್ಟಿನ ತನಕ ಒತ್ತೊತ್ತಾಗಿ ಚುಕ್ಕಿಗಳು, ಗೆರೆಗಳು, ಕೊನೆಗೆ ಮಣಿಕಟ್ಟಿನ ಮೇಲೆಯೇ ಒಂದು ತೊಟ್ಟಿಲು. ಹಸಿರು ಈಗ ಕಪ್ಪಿಗೆ ತಿರುಗಿದೆ. "ಒಡವೆ ಆದ್ರೆ ಸತ್ತಾಗ ಯಾರಾರ ಬಿಚ್ಕೋತಾರೆ. ಇದನ್ನ ಯಾರ್ ಬಿಚ್ಕೋತಾರೆ, ನನ್ ಜೊತೆಗೇ ಬತ್ತದೆ" ಎಂದು ಹೆಮ್ಮೆಯಿಂದ ಹೇಳುವಳು. ಬಲಗೈ ಅಡುಗೆಗೆ, ಪಾತ್ರೆಗೆ ಬೇಕಿತ್ತು. ಹಾಗಾಗಿ ಬ್ಯಾಂಡು ಎಡಗೈಗೆ, ಸರಿಯಾಗಿ ಆ ತೊಟ್ಟಿಲಿನ ಮೇಲೆ ಬಂತು.

"ಅಚ್ಚೆ ಮ್ಯಾಲೆ ಅಚ್ಚೆನಾ?" ಅಂದಳು.

"ಇದು ಎದೆ ಬಡಿತ ನೋಡುತ್ತೆ ಕಣವ್ವ."

"ಎದೆ ಇರಾದು ಇಲ್ಲಿ, ನೀ ಕಟ್ತಿರಾದು ಕೈಗೆ."

"ಕೈಯಲ್ಲೇ ಗೊತ್ತಾಗುತ್ತೆ. ನಿಮ್ಮ ಸಿಸ್ಟರ್‌ಗಳು ನೋಡ್ತಿರ್ಲಿಲ್ವ?"

"ಅವ್ರು ಬೆರಳಲ್ಲಿ ನೋಡೋರು. ಇದ್ಕೆ ಎಲ್ಲದೆ ಬೆರಳು?"

ಮೊದಲ ದಿನ ಹಾರ್ಟ್ ರೇಟ್ ಜಾಗದಲ್ಲಿ ಅಂಕಿ ಬರಲಿಲ್ಲ. ಎರಡು ಅಡ್ಡಗೆರೆ ಬರುತ್ತಿದ್ದವು. ಸ್ವಲ್ಪ ಮೇಲೆ ಸರಿಸಿದೆ. ಬರಲಿಲ್ಲ. ಪಟ್ಟಿಯನ್ನು ಒಂದು ತೂತು ಬಿಗಿ ಮಾಡಿದೆ. ಎಪ್ಪತ್ತೊಂದು ಬಂತು. ಆಮೇಲೆ ಎಪ್ಪತ್ನಾಲ್ಕು. ನನಗೆ ಸಮಾಧಾನವಾಯಿತು.

ಅಂಕಿಯನ್ನೇ ತೋರಿಸದ ಗೇಜ್ ಒಂದು, ಅಲ್ಲಾಡಿಸಿದ ಮೇಲೆ ತೋರಿಸಲು ಶುರುಮಾಡಿದರೆ ಕಾರ್ಖಾನೆಯಲ್ಲಿ ನಾನು ಏನು ಮಾಡುತ್ತಿದ್ದೆ ಎಂದು ನನಗೆ ಚೆನ್ನಾಗಿ ಗೊತ್ತು. ಆ ಕ್ಷಣವೇ ಕೆಂಪು ಸ್ಟಿಕರ್.

ಮನೆಯಲ್ಲಿ ನಾನು ಎರಡು ಬೆರಳನ್ನೂ ಇಟ್ಟು ನೋಡಲಿಲ್ಲ.

ಅವ್ವನಿಗೆ ಹೆಜ್ಜೆಯ ಲೆಕ್ಕ ಬಹಳ ಇಷ್ಟವಾಯಿತು. ಪಕ್ಕದ ಮನೆಯ ರತ್ನಕ್ಕನ ಜೊತೆ ಕಾಂಪೌಂಡ್ ಗೋಡೆ ಮೇಲೆ ಕೈಯಿಟ್ಟುಕೊಂಡು ಜಂಭ ಕೊಚ್ಚುವಳು. "ಇವತ್ತು ನಾಕು ಸಾವ್ರ ನಡದಿವ್ನಿ ಕಣೆ ರತ್ನಿ, ಬಾಗ್ಲು ದಾಟ್ದೇನೇ!" ಅದಕ್ಕೆ ರತ್ನಕ್ಕ, "ನಿನ್ ಕೈ ನಡದದೆ, ಕಾಲಲ್ಲ. ರೊಟ್ಟಿ ತಟ್ಟಿರೂ ಅದು ಎಜ್ಜೆ ಅಂತದೆ" ಎಂದು ರೇಗಿಸುವಳು. ಇಬ್ಬರೂ ನಗುವರು. ರತ್ನಕ್ಕ ಓದಿದವಳಲ್ಲ. ಆ ಬ್ಯಾಂಡಿನ ಬಗ್ಗೆ ನಮ್ಮ ಬೀದಿಯಲ್ಲಿ ಸರಿಯಾದ ಅನುಮಾನ ಪಟ್ಟವಳು ಅವಳೊಬ್ಬಳೇ.

ಸಾಸಿವೆಯ ಬೆಳಗಿನ ನಂತರ ಮೂರು ವಾರ. ಅವ್ವ ಬಟ್ಟೆ ಒಣಹಾಕಲು ತಾರಸಿಗೆ ಹೋಗುವಾಗ ಮೆಟ್ಟಿಲ ಮಧ್ಯೆ ನಿಲ್ಲತೊಡಗಿದಳು. ಮಧ್ಯಾಹ್ನ ಮಲಗತೊಡಗಿದಳು, ಜೀವಮಾನದಲ್ಲಿ ಮಲಗಿದವಳಲ್ಲ. ಎರಡು ಸಲ ಕೇಳಿದಳು, "ಒಂದ್ಸಲ ಡಾಕ್ಟ್ರ ತಾವ್ಕೆ ಓಗ್ ಬರನ?"

ಎರಡನೇ ಸಲ ಕೇಳಿದಾಗ ನಾನು ಹೇಳಿದ ಮಾತು ಇದು: "ನೂರು ದಾಟಿದ್ರೆ ಹೋಗೋಣ ಕಣವ್ವ."

ಮೇಲ್ಮಿತಿ. ಕೆಳಮಿತಿ. ಒಳಗಿದ್ದರೆ ಪಾಸು. ನನ್ನ ವೃತ್ತಿಯ ಭಾಷೆಯಲ್ಲಿ ನನ್ನ ಅವ್ವನಿಗೆ ಉತ್ತರ ಕೊಟ್ಟಿದ್ದೆ. ಆ ತಿಂಗಳು ಆಡಿಟ್ ಇತ್ತು, ರಜೆ ಸಿಗುವುದು ಕಷ್ಟವಿತ್ತು ಎಂಬುದೂ ನಿಜ. ಆದರೆ ಅದು ಕಾರಣವಲ್ಲ. ನನಗೆ ಎಪ್ಪತ್ನಾಲ್ಕರ ಮೇಲೆ ನಂಬಿಕೆಯಿತ್ತು.

ಆಮೇಲೆ ಅವ್ವ ಕೇಳುವುದನ್ನು ನಿಲ್ಲಿಸಿದಳು. ಒಂದು ಸಂಜೆ ನಾನು ಬಂದಾಗ ಬಾಗಿಲ ಹತ್ತಿರ ಗೋಡೆಗೊರಗಿ ಕೂತು, ಎದೆಯ ಮೇಲೆ ಬಲಗೈ ಇಟ್ಟುಕೊಂಡು, ಎಡಗೈಯ ಬ್ಯಾಂಡನ್ನು ನೋಡುತ್ತಿದ್ದಳು. ನನ್ನನ್ನು ಕಂಡು ನಕ್ಕಳು. "ಇಲ್ಲಿ ಎಪ್ಪತ್ನಾಕು ಅಂತದೆ. ಎದೆ ನೋಡುದ್ರೆ ಓಡ್ಬುಡ್ತೀನಿ ಅಂತದೆ. ನಂಗೇ ಏನೋ ಭ್ರಮೆ ಕಣವ್ವ, ವಯಸ್ಸಾಯ್ತು."

ಅರವತ್ತೊಂದು ವರ್ಷ ತನ್ನ ಜೊತೆಗಿದ್ದ ಎದೆಯನ್ನು ನಂಬಬಾರದೆಂದು ಅವ್ವನಿಗೆ ಕಲಿಸಿದವಳು ನಾನು.

ಅದು ಬುಧವಾರ. ಏಳು ಇಪ್ಪತ್ತಕ್ಕೆ ಮನೆ ಬಿಟ್ಟೆ. ಅವ್ವ ಬಾಗಿಲಲ್ಲಿ ನಿಂತು, "ಡಬ್ಬಿ ತಕ್ಕೊಂಡ್ಯಾ, ಸಾರು ಬೇರೆ ಇಟ್ಟಿವ್ನಿ, ಚೆಲ್ಕೋಬೇಡ" ಅಂದಳು. ನಾನು ತಿರುಗಿ ನೋಡದೆ "ಹೂಂ" ಅಂದೆ. ಕಂಪನಿ ಬಸ್ಸು ಬರುವ ಹೊತ್ತಾಗಿತ್ತು. ಅವ್ವ ಪೂರ್ತಿಯಾಗಿ ಆಡಿದ ಕೊನೆಯ ವಾಕ್ಯ ಸಾರು ಚೆಲ್ಲುವುದರ ಬಗ್ಗೆ.

ಹತ್ತೂಕಾಲಿಗೆ ಟೀ ಬ್ರೇಕ್. ದಿನದಂತೆ ಫೋನ್ ಮಾಡಿದೆ. ರಿಂಗಾಯಿತು. ಎತ್ತಲಿಲ್ಲ. ಸ್ನಾನಕ್ಕೆ ಹೋಗಿರಬೇಕು ಅಂದುಕೊಂಡೆ. ಮನಸ್ಸಿಗೆ ತಡೆಯದೆ ಆ್ಯಪ್ ತೆರೆದೆ. ಎರಡು ನಿಮಿಷದ ಹಿಂದಿನ ರೀಡಿಂಗ್: ಎಪ್ಪತ್ಮೂರು.

ಫೋನನ್ನು ಜೇಬಿಗಿಟ್ಟು ಒಳಗೆ ಹೋದೆ. ಆಡಿಟ್‌ಗೆಂದು ಸಾಲಾಗಿ ಜೋಡಿಸಿಟ್ಟ ಗೇಜುಗಳು ಕಾಯುತ್ತಿದ್ದವು.

ಹನ್ನೆರಡೂವರೆಗೆ ಊಟ. ಮತ್ತೆ ಫೋನ್. ಎತ್ತಲಿಲ್ಲ. ಆ್ಯಪ್ ತೆರೆದೆ. ಎಪ್ಪತ್ನಾಲ್ಕು. ಹೆಜ್ಜೆಯ ಲೆಕ್ಕ ಬೆಳಗ್ಗೆಯಿಂದ ನೂರಾ ಹನ್ನೆರಡರಲ್ಲೇ ನಿಂತಿತ್ತು. ನಾಲ್ಕು ಸಾವಿರ ನಡೆಯುವವಳ ಕೈ ಮಧ್ಯಾಹ್ನದ ಹೊತ್ತಿಗೆ ನೂರಾ ಹನ್ನೆರಡು. ಅದು ನನ್ನ ಕಣ್ಣಿಗೆ ಬಿತ್ತು. ಬಿದ್ದೂ, ಮಲಗಿರಬೇಕು ಅಂದುಕೊಂಡೆ. ಬಡಿತ ಸರಿಯಿದೆಯಲ್ಲ.

ಡಬ್ಬಿ ತೆರೆದು ಸಾರನ್ನ ಕಲಸಿ ತಿಂದೆ. ಇದನ್ನು ಬರೆಯುವಾಗಲೂ ಕೈ ನಿಲ್ಲುತ್ತದೆ. ತಿಂದೆ.

ಒಂದೂ ಹತ್ತಕ್ಕೆ ರತ್ನಕ್ಕನ ಫೋನ್.

"ಸವಿ, ನಿಮ್ಮವ್ವ ಬಿದ್ಬುಟ್ಟವ್ಳೆ ಕಣೆ. ಬಚ್ಚಲ ಬಾಗ್ಲಲ್ಲಿ. ಬಾಯಿ ಒಂದ್ಕಡಿಕೆ ಓಗ್ಬುಟ್ಟದೆ. ಮಾತೇ ಆಡ್ತಿಲ್ಲ ಕಣೆ, ಬರೀ ನೋಡ್ತಾವ್ಳೆ. ಆಟೋ ಕರ್ದಿವ್ನಿ, ನೀನು ಸೀದಾ ಆಸ್ಪತ್ರೆಗೇ ಬಂದ್ಬುಡು."

ಒಣಗಿದ ಮೆಣಸಿನಕಾಯಿಯನ್ನು ಪುಡಿ ಮಾಡಿಸಿಕೊಂಡು ಬರಲು ಜೊತೆಗೆ ಹೋಗೋಣ ಎಂದು ಕರೆಯಲು ರತ್ನಕ್ಕ ನಮ್ಮ ಮನೆಗೆ ಹೋಗಿದ್ದಳಂತೆ. ಅವತ್ತು ಮೆಣಸಿನಕಾಯಿ ಒಣಗಿರದಿದ್ದರೆ ಸಂಜೆ ಆರರ ತನಕ ಯಾರೂ ಆ ಬಾಗಿಲು ತಟ್ಟುತ್ತಿರಲಿಲ್ಲ.

ಸೂಪರ್‌ವೈಸರ್ ತಮ್ಮ ಕಾರಿನಲ್ಲೇ ಕರೆದುಕೊಂಡು ಹೊರಟರು. ನಂಜನಗೂಡು ರಸ್ತೆಯುದ್ದಕ್ಕೂ ನಾನು ಫೋನನ್ನೇ ನೋಡುತ್ತಿದ್ದೆ. ಎಪ್ಪತ್ನಾಲ್ಕು. ಎಪ್ಪತ್ತೆರಡು. ಎಪ್ಪತ್ನಾಲ್ಕು. "ಹಾರ್ಟ್ ಚೆನ್ನಾಗಿದೆ ಸರ್, ಹಾರ್ಟ್ ಚೆನ್ನಾಗಿದೆ" ಎಂದು ಅವರಿಗೆ ಹೇಳುತ್ತಲೇ ಇದ್ದೆನಂತೆ. ನನಗೆ ನೆನಪಿಲ್ಲ.

ಕ್ಯಾಶುಯಲ್ಟಿಯಲ್ಲಿ ಅವ್ವ ಹಸಿರು ಬೆಡ್‌ಶೀಟಿನ ಮೇಲೆ ಇದ್ದಳು. ಬಲಗೈ ಮಂಚದಿಂದ ಕೆಳಗೆ ಜೋತುಬಿದ್ದಿತ್ತು, ಯಾರೋ ಮರೆತು ಬಿಟ್ಟುಹೋದ ಬಟ್ಟೆಯ ಹಾಗೆ. ಎದೆಗೆ ವೈರು ಅಂಟಿಸಿದ್ದರು. ತಲೆಯ ಮೇಲಿನ ಮಾನಿಟರಿನಲ್ಲಿ ಹಸಿರು ಗೆರೆ ಅಡ್ಡಾದಿಡ್ಡಿ ಓಡುತ್ತಿತ್ತು. ಪಕ್ಕದಲ್ಲಿ ಅಂಕಿ.

ನೂರಾ ನಲವತ್ತೆಂಟು.

ಕೆಳಗೆ, ಅವಳ ಎಡಗೈಯಲ್ಲಿ, ತೊಟ್ಟಿಲ ಹಚ್ಚೆಯ ಮೇಲೆ ಬ್ಯಾಂಡು ಇನ್ನೂ ಇತ್ತು.

ಎಪ್ಪತ್ನಾಲ್ಕು.

ಒಂದೇ ಮೈ. ಒಂದೇ ಕ್ಷಣ. ಎರಡು ಅಂಕಿಗಳ ನಡುವೆ ನಾನು ನಿಂತಿದ್ದೆ. ಜೀವನದಲ್ಲಿ ಮೊದಲ ಸಲ ಆ ಉಪಕರಣವನ್ನು ಮಾಸ್ಟರಿನ ಪಕ್ಕ ಇಟ್ಟು ನೋಡಿದ್ದೆ.

ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನೇರವಾಗಿ ಕೇಳಿದರು. "ಕೊನೇ ಸಲ ಇವರನ್ನ ನಾರ್ಮಲ್ ಆಗಿ ನೋಡಿದ್ದು ಎಷ್ಟು ಗಂಟೆಗೆ?"

"ಏಳು ಇಪ್ಪತ್ತಕ್ಕೆ."

ಅವರು ಗೋಡೆಯ ಗಡಿಯಾರ ನೋಡಿದರು. ಎರಡು ಗಂಟೆ ಆಗುತ್ತಿತ್ತು. "ಅದಾದ್ಮೇಲೆ ಯಾರಾದ್ರೂ ಮಾತಾಡಿಸಿದ್ರಾ? ಫೋನಲ್ಲಾದ್ರೂ?"

"ಹತ್ತೂಕಾಲಿಗೆ ಮಾಡಿದ್ದೆ. ಎತ್ತಲಿಲ್ಲ."

"ಎತ್ತಲಿಲ್ಲ ಅಂದಾಗ ಏನ್ಮಾಡಿದ್ರಿ?"

ಅವರು ಆರೋಪ ಹೊರಿಸಲು ಕೇಳಿದ್ದಲ್ಲ. ಫಾರ್ಮ್ ತುಂಬುತ್ತಿದ್ದರು.

ಮೆದುಳಿನಲ್ಲಿ ಸಿಕ್ಕಿಕೊಂಡ ರಕ್ತದ ಹೆಪ್ಪು, ಅಂದರೆ ಕ್ಲಾಟ್, ಕರಗಿಸುವ ಇಂಜೆಕ್ಷನ್ ಒಂದಿದೆಯಂತೆ. ಸ್ಟ್ರೋಕ್ ಶುರುವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಯಾವಾಗ ಶುರುವಾಯಿತೆಂದು ಯಾರಿಗೂ ಗೊತ್ತಿಲ್ಲವಾದ್ದರಿಂದ ಏಳು ಇಪ್ಪತ್ತರಿಂದಲೇ ಲೆಕ್ಕ, ಆ ಹೊತ್ತು ಮೀರಿತ್ತು. ಹತ್ತೂಕಾಲಿಗೆ ನಾನು ಹೊರಟಿದ್ದರೆ, ಅಥವಾ ರತ್ನಕ್ಕನಿಗೆ ಒಂದು ಫೋನ್ ಮಾಡಿ "ಸ್ವಲ್ಪ ನೋಡು ಅಕ್ಕ" ಎಂದಿದ್ದರೆ, ಹನ್ನೊಂದರ ಒಳಗೆ ಅವ್ವ ಈ ಮಂಚದ ಮೇಲೆ ಇರುತ್ತಿದ್ದಳು. ತಂತಿ ಹಾಕಿ ಕ್ಲಾಟ್ ಎಳೆದು ತೆಗೆಯುವ ವಿಧಾನವೂ ಇದೆಯಂತೆ. ಆದರೆ ಸ್ಕ್ಯಾನ್ ನೋಡಿ ನ್ಯೂರಾಲಜಿಸ್ಟ್ ಬೇಡವೆಂದರು. ಮೆದುಳಿನ ಎಡಭಾಗದಲ್ಲಿ ಮಾತಿಗೆ ಸಂಬಂಧಪಟ್ಟ ಜಾಗ ಆಗಲೇ ಹಾಳಾಗಿತ್ತು.

ಅವ್ವ ನಮ್ಮೆಲ್ಲರನ್ನೂ ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದಳು. ಗಾಳಿ ಬಂತು. ಮತ್ತೆ ತೆರೆದಳು. ಮಾತು ಬರಲಿಲ್ಲ ಎಂದು ಅವಳಿಗೆ ಗೊತ್ತಾದ ಆ ಒಂದು ಕ್ಷಣವನ್ನು ನಾನು ನೋಡಿದೆ.

ಎರಡನೇ ದಿನ ರೌಂಡ್ಸಿಗೆ ಬಂದ ಕಾರ್ಡಿಯಾಲಜಿಸ್ಟ್ ವಯಸ್ಸಾದವರು, ಮೆಲುದನಿಯವರು. "ಏಟ್ರಿಯಲ್ ಫಿಬ್ರಿಲೇಶನ್. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡಲ್ಲ, ಸುಮ್ಮನೆ ನಡುಗ್ತವೆ. ರಕ್ತ ಅಲ್ಲೇ ನಿಂತು ಕ್ಲಾಟ್ ಆಗುತ್ತೆ. ಅದು ಹೊರಟು ಮೆದುಳಿಗೆ ಹೋಗಿದೆ. ಇವರ ಬಡಿತಕ್ಕೆ ತಾಳ ಇಲ್ಲ. ಒಂದು ಬಡಿದು, ನಿಂತು, ಆಮೇಲೆ ನಾಲ್ಕೈದು ಒಟ್ಟಿಗೆ. ಮುಂಚೆ ಏನಾದ್ರೂ ಹೇಳ್ತಿದ್ರಾ?"

ಸಾಸಿವೆ ಸಿಡಿದ ಹಾಗೆ ಅನ್ನುತ್ತಿದ್ದಳು ಎಂದೆ.

ಅವರು ಫೈಲಿನಿಂದ ತಲೆ ಎತ್ತಿದರು. "ನಾವು ಪುಸ್ತಕದಲ್ಲಿ ಇದಕ್ಕಿಂತ ಚೆನ್ನಾಗಿ ಬರೆದಿಲ್ಲ" ಅಂದರು.

ಆಗ ನಾನು ಬ್ಯಾಂಡಿನ ವಿಷಯ ಹೇಳಿದೆ. ಎಲ್ಲವನ್ನೂ, ನೂರು ದಾಟಿದರೆ ಹೋಗೋಣ ಅಂದದ್ದನ್ನೂ. ಅವರು ಅವ್ವನ ಎಡಗೈಯನ್ನು ನಿಧಾನವಾಗಿ ಎತ್ತಿ ಹಚ್ಚೆಯನ್ನು ನೋಡಿದರು. "ಇದು ಚರ್ಮದೊಳಗೆ ಹಸಿರು ಬೆಳಕು ಬಿಟ್ಟು, ವಾಪಸ್ ಬರೋ ಬೆಳಕಲ್ಲಿ ರಕ್ತದ ಏರಿಳಿತ ಓದುತ್ತೆ ಅಮ್ಮ. ಇಷ್ಟು ದಟ್ಟ ಹಚ್ಚೆ ಇದ್ರೆ ಬೆಳಕನ್ನ ಶಾಯಿಯೇ ನುಂಗಿಬಿಡುತ್ತೆ. ಆಮೇಲೆ ಅದು ಏನೋ ಒಂದು ಅಂದಾಜು ಮಾಡುತ್ತೆ. ಮೇಲಾಗಿ ಈ ಕಾಯಿಲೆಯಲ್ಲಿ ಕೆಲವು ಬಡಿತ ಕೈವರೆಗೂ ಬರೋದೇ ಇಲ್ಲ. ಹಚ್ಚೆ ಇಲ್ಲದಿದ್ರೂ ಕಡಿಮೆ ತೋರಿಸಬಹುದಿತ್ತು."

"ಬೆರಳಿಟ್ಟು ನೋಡಿದ್ರೆ ಗೊತ್ತಾಗ್ತಿತ್ತಾ ಸರ್?"

ಅವರು ಅವ್ವನ ಕೈಯನ್ನು ಮೆಲ್ಲಗೆ ಕೆಳಗಿಟ್ಟರು. ಸುಳ್ಳು ಹೇಳುವ ಮನಸ್ಸೂ ಅವರಿಗೆ ಬಂದಿರಬಹುದು.

"ಎಷ್ಟು ಅಂತ ಸರಿಯಾಗಿ ಗೊತ್ತಾಗ್ತಿರಲಿಲ್ಲ. ತಾಳ ತಪ್ಪಿದೆ ಅಂತ ಗೊತ್ತಾಗ್ತಿತ್ತು."

ಮೂರನೇ ದಿನ ಬಟ್ಟೆ ತರಲು ಮನೆಗೆ ಹೋದೆ. ಅಡುಗೆಮನೆಯಲ್ಲಿ ಅವ್ವ ಬುಧವಾರ ನೆನೆಹಾಕಿದ್ದ ಹೆಸರುಕಾಳು ನೀರಲ್ಲೇ ಮೊಳಕೆಯೊಡೆದು ವಾಸನೆ ಬರುತ್ತಿತ್ತು. ಅಲಮಾರದಲ್ಲಿ ಬ್ಯಾಂಡಿನ ಡಬ್ಬಿ ಸಿಕ್ಕಿತು. ಒಳಗೆ ಮಡಿಸಿದ ತೆಳು ಕಾಗದ, ಸಣ್ಣ ಅಕ್ಷರದ ಇಂಗ್ಲಿಷು. ಇದು ವೈದ್ಯಕೀಯ ಉಪಕರಣವಲ್ಲ. ಕಾಯಿಲೆ ಪತ್ತೆಗೆ ಬಳಸಬಾರದು. ಮಣಿಕಟ್ಟಿನ ಮೇಲೆ ಹಚ್ಚೆಯಿದ್ದರೆ ರೀಡಿಂಗ್ ತಪ್ಪಾಗಬಹುದು.

ಕಾಗದದ ಮಡಿಕೆ ಅಲ್ಲಿಯವರೆಗೆ ಬಿಚ್ಚಿರಲೇ ಇಲ್ಲ. ಕಾರ್ಖಾನೆಯಲ್ಲಿ ಮ್ಯಾನ್ಯುಯಲ್ ಓದದೆ ಉಪಕರಣ ಮುಟ್ಟಿದವರಿಗೆ ಮೆಮೊ ಬರೆಯುವವಳು ನಾನು.

ಆಸ್ಪತ್ರೆಯವರು ಬ್ಯಾಂಡನ್ನೂ, ಕತ್ತರಿಸಿ ತೆಗೆದ ಬಳೆಗಳನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟಿದ್ದರು. ಬ್ಯಾಂಡನ್ನು ತೆಗೆದೆ. ಅವ್ವನ ಟವೆಲನ್ನು ಸುರುಳಿ ಸುತ್ತಿ, ಅದಕ್ಕೆ ಬ್ಯಾಂಡನ್ನು ಬಿಗಿಯಾಗಿ ಕಟ್ಟಿದೆ. ಯಾಕೆ ಹಾಗೆ ಮಾಡಿದೆನೋ. ಅಭ್ಯಾಸವಿರಬೇಕು, ತಡವಾಗಿ ಎಚ್ಚೆತ್ತ ಅಭ್ಯಾಸ. ಕೆಳಗೆ ಹಸಿರು ಬೆಳಕು ಮಿನುಗಿತು. ಸ್ವಲ್ಪ ಹೊತ್ತು ಎರಡು ಅಡ್ಡಗೆರೆ.

ಆಮೇಲೆ ಟವೆಲಿಗೆ ಅರವತ್ತೊಂಬತ್ತು ಬಂತು.

ನಾನು ಆ ನೆಲದ ಮೇಲೆ, ಅವ್ವ ಸೌಟು ಹಿಡಿದು ಕೂತಿದ್ದ ಜಾಗದಲ್ಲೇ ಕೂತು ಅತ್ತೆ. ಅಳು ಕೇಳಿಸಿ ರತ್ನಕ್ಕ ಬಂದಳು. ಟವೆಲನ್ನು, ಬ್ಯಾಂಡನ್ನು, ನನ್ನನ್ನು ನೋಡಿದಳು. ನಾನು ಎಲ್ಲವನ್ನೂ ಹೇಳಿದೆ. ಸಮಾಧಾನ ಮಾಡುತ್ತಾಳೆ ಅಂದುಕೊಂಡಿದ್ದೆ.

"ನನ್ ತಾವ್ಲೂ ಯೋಳಿದ್ಲು ಕಣೆ, ಎದೆ ಬಡ್ಕೊತದೆ ಅಂತ" ಅಂದಳು ಅವಳು. "ನಾನೇ ಅಂದೆ, ನಿನ್ ಮಗ್ಳು ಓದಿರೋಳು, ಕೈಗೇ ಮಿಷಿನ್ ಕಟ್ಟವ್ಳೆ, ನಿಂಗೇನೇ ಅಂತ." ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಆ ಹಳಸಿದ ಹೆಸರುಕಾಳನ್ನು ಚೆಲ್ಲಿ ಪಾತ್ರೆ ತೊಳೆದಳು.

ಹದಿನೇಳು ದಿನಕ್ಕೆ ಡಿಸ್ಚಾರ್ಜ್. ರಕ್ತ ತೆಳುವಾಗಿಸುವ ಮಾತ್ರೆ, ಬಡಿತ ಇಳಿಸುವ ಮಾತ್ರೆ, ಬಿ.ಪಿ. ಮಾತ್ರೆ. ಬಲಗಾಲು ಸ್ವಲ್ಪ ಬಂತು. ಬಲಗೈ ಬರಲಿಲ್ಲ. ಮಾತು ಬರಲಿಲ್ಲ. ಅರ್ಥವಾಗುತ್ತದೆ, ಆಡಲಾಗುವುದಿಲ್ಲ. ನೀರು ಬೇಕಾದಾಗ ಲೋಟ ತೋರಿಸುತ್ತಾಳೆ. ಲೋಟ ಕಾಣದಿದ್ದರೆ ಹುಡುಕುತ್ತಾ ಹುಡುಕುತ್ತಾ ಕಣ್ಣಲ್ಲಿ ನೀರು ಬರುತ್ತದೆ. ಹಗಲು ರತ್ನಕ್ಕ ನೋಡಿಕೊಳ್ಳುತ್ತಾಳೆ. ಗೋಡೆಯಾಚೆಯಿಂದ ಅವ್ವನನ್ನು ರೇಗಿಸುತ್ತಿದ್ದವಳು ಈಗ ತುತ್ತು ಕೊಡುತ್ತಾ ರೇಗಿಸುತ್ತಾಳೆ. "ಮೊದ್ಲು ನನ್ ಬಾಯಿ ಮುಚ್ಚಿಸ್ತಿದ್ದೆ. ಈಗ ನೋಡು, ಬರೀ ನಾನೇ. ಏನಾರ ಅನ್ನೆ!" ಅವ್ವ ಅರ್ಧ ಬಾಯಲ್ಲಿ ನಗುತ್ತಾಳೆ.

ಅವ್ವನಿಗೆ ನಾನು ಕ್ಷಮೆ ಕೇಳಿದೆ. ಮನೆಗೆ ಬಂದ ವಾರದಲ್ಲೇ, ತಲೆ ಬಾಚುತ್ತಾ, ಅವಳ ಮುಖ ನನಗೆ ಕಾಣದ ಹಾಗೆ ಹಿಂದೆ ಕೂತುಕೊಂಡು. ಬ್ಯಾಂಡು ಸುಳ್ಳು ಹೇಳುತ್ತಿತ್ತು, ನೀನು ನಿಜ ಹೇಳುತ್ತಿದ್ದೆ, ನಾನು ಬ್ಯಾಂಡನ್ನೇ ನಂಬಿದೆ ಎಂದು ಹೇಳಿದೆ. ಅವಳ ಬೆನ್ನು ಅಲುಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎಡಗೈ ಹಿಂದಕ್ಕೆ ಬಂತು, ತಡಕಾಡಿ ಬಾಚಣಿಗೆಯನ್ನು ಹಿಡಿದು ಮತ್ತೆ ತಲೆಯ ಮೇಲಿಟ್ಟಿತು. ಬಾಚು ಎಂದು. ಅದನ್ನು ಕ್ಷಮೆ ಎಂದುಕೊಳ್ಳಲೋ, ಸಿಕ್ಕು ಬಿಡಿಸು ಎಂದಷ್ಟೇ ಅಂದುಕೊಳ್ಳಲೋ. ಕೇಳುವುದಕ್ಕೆ ಅವಳ ಹತ್ತಿರ ಈಗ ಮಾತಿಲ್ಲ. ಅವಳಿಗೆ ಸಿಟ್ಟಿದ್ದರೂ ಬೈಯಲಾರಳು. ಅವಳು ನನ್ನನ್ನು ಬಾಯಿ ತುಂಬ ಬೈದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಕಾರ್ಡಿಯಾಲಜಿಸ್ಟ್ ನನಗೊಂದು ಕೆಲಸ ಕೊಟ್ಟರು. ದಿನಾ ಬೆಳಗ್ಗೆ ಮಾತ್ರೆಗೆ ಮುಂಚೆ ನಾಡಿ ಎಣಿಸಿ ಬರೆದಿಡಬೇಕು. ಕೈಯಲ್ಲಿ ಸ್ವಲ್ಪ ಕಡಿಮೆ ಸಿಗಬಹುದು, ಆದರೂ ದಿನದಿಂದ ದಿನಕ್ಕೆ ಏನಾಗುತ್ತಿದೆ ಅಂತ ತಿಳಿಯುತ್ತದೆ ಎಂದರು. "ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ. ತಾಳ ಇಲ್ಲದ ಬಡಿತಕ್ಕೆ ಆ ಲೆಕ್ಕ ನಡೆಯಲ್ಲ. ಪೂರ್ತಿ ಒಂದು ನಿಮಿಷ." ನನ್ನ ಬೆರಳುಗಳನ್ನು ಹಿಡಿದು ಅವ್ವನ ಮಣಿಕಟ್ಟಿನ ಒಳಮೈಯಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ ಇಟ್ಟು ತೋರಿಸಿದರು. ಮೊದಲು ಏನೂ ಸಿಗಲಿಲ್ಲ. ಒತ್ತಿದೆ. ಸಡಿಲಿಸಿದೆ. ಆಮೇಲೆ ಸಿಕ್ಕಿತು. ಒಂದು. ಮತ್ತೊಂದು. ಮೌನ. ಆಮೇಲೆ ಮೂರು ಒಂದರ ಮೇಲೊಂದು ಬಿದ್ದು ಓಡಿದವು.

ಸಾಸಿವೆ.

ನಾಲ್ಕು ವರ್ಷದ ಮಗುವಿಗೂ ಅರ್ಥವಾಗುವಷ್ಟು ಸ್ಪಷ್ಟವಾಗಿತ್ತು.

ಹಾಗಾಗಿ ಈಗ ದಿನಾ ಬೆಳಗ್ಗೆ ಆರೂವರೆಗೆ ಗಡಿಯಾರದ ಎದುರು ಅವ್ವನನ್ನು ಕೂರಿಸಿ, ಎಡಗೈ ಹಿಡಿದುಕೊಂಡು ಎಣಿಸುತ್ತೇನೆ. ಬೆರಳಿಗೆ ಹಚ್ಚೆ ಅಡ್ಡ ಬರುವುದಿಲ್ಲ. ಮೊದಮೊದಲು ತುಟಿಯಲ್ಲೇ ಎಣಿಸುತ್ತಿದ್ದೆ, ಅವಳು ಅಭಿನಯಿಸಿ ತೋರಿಸುತ್ತಿದ್ದ ಸಿಸ್ಟರ್‌ಗಳ ಹಾಗೆ. ಮನೆಗೆ ಬರುವ ಸ್ಪೀಚ್ ಥೆರಪಿಸ್ಟ್ ಒಂದು ದಿನ ಅದನ್ನು ನೋಡಿ, "ಜೋರಾಗಿ ಎಣಿಸಿ. ಮಾತು ಹೋದವರಲ್ಲೂ ಎಷ್ಟೋ ಸಲ ಎಣಿಕೆ, ವಾರದ ಹೆಸರು ಇಂಥವು ಉಳಿದಿರುತ್ತವೆ. ಅವು ಬೇರೆ ದಾರಿಯಲ್ಲಿ ಬರುತ್ತವೆ" ಎಂದರು. ಆಸೆ ಇಟ್ಟುಕೊಳ್ಳಬೇಡಿ ಎಂದೂ ಸೇರಿಸಿದರು. ಜೋರಾಗಿ ಎಣಿಸತೊಡಗಿದೆ. ಐದು ವಾರ ಏನೂ ಆಗಲಿಲ್ಲ. ಅವ್ವ ನನ್ನ ಬಾಯಿಯನ್ನು ನೋಡುತ್ತಾ ಕೂತಿರುತ್ತಿದ್ದಳು.

ಕಳೆದ ಸೋಮವಾರ ನಾನು "ಹನ್ನೊಂದು" ಅಂದೆ. ನಾಡಿ ನಿಂತಿತು. ಮುಂದಿನ ಬಡಿತಕ್ಕೆ ಕಾಯುತ್ತಿದ್ದೆ.

"ಅನ್ನೆಲ್ಡು" ಅಂದಳು ಅವ್ವ.

ಒರಟು ದನಿ, ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ. ಅವಳಿಗೇ ಗಾಬರಿಯಾಯಿತು. ನನ್ನನ್ನು ನೋಡಿದಳು. ಬೆರಳ ಕೆಳಗೆ ಬಡಿತ ಬಂತು. "ಹದಿಮೂರು" ಎಂದು ಪಿಸುಗುಟ್ಟಿದೆ.

"ಅದ್ನಾಕು. ಅದ್ನೈದು. ಅದ್ನಾರು."

ನಿಲ್ಲಲಿಲ್ಲ. ಅವಳ ಎಣಿಕೆ ನೆಟ್ಟಗೆ, ಒಂದೇ ಸಮನೆ ಹೋಗುತ್ತಿತ್ತು. ಅವಳ ನಾಡಿ ಮಾತ್ರ ಓಡಿ, ನಿಂತು, ಮುಗ್ಗರಿಸಿ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಎರಡೂ ಹೊಂದಲಿಲ್ಲ. ಇಪ್ಪತ್ತರ ಹೊತ್ತಿಗೆ ನನ್ನ ಲೆಕ್ಕ ತಪ್ಪಿಹೋಯಿತು. ಕಣ್ಣು ಮಂಜಾಗಿ ಗಡಿಯಾರದ ಮುಳ್ಳೂ ಕಾಣಲಿಲ್ಲ. ಇದೆಲ್ಲ ಸರಿಹೋಗುತ್ತದೆ ಎಂದು ಯಾರೂ ಹೇಳಿಲ್ಲ. ನನ್ನ ಹೆಸರನ್ನು ಅವಳು ಇನ್ನೂ ಕರೆದಿಲ್ಲ. ಕರೆಯದೆಯೂ ಇರಬಹುದು. ಸಾರು ಚೆಲ್ಲಿಕೊಳ್ಳಬೇಡ ಎಂಬಂಥ ಮಾತು ಈ ಮನೆಯಲ್ಲಿ ಮತ್ತೆ ಕೇಳುತ್ತದೆಯೋ ಇಲ್ಲವೋ ಗೊತ್ತಿಲ್ಲ.

ಅವತ್ತಿನ ಪುಟದಲ್ಲಿ ಅಂಕಿ ಬರೆಯಲಿಲ್ಲ. "ಅಳತೆ ಆಗಲಿಲ್ಲ" ಎಂದು ಬರೆದೆ. ಕಾರ್ಖಾನೆಯಲ್ಲೂ ಹಾಗೇ ಬರೆಯುವುದು. ಗೊತ್ತಿಲ್ಲದಾಗ ಗೊತ್ತಿಲ್ಲ ಎಂದು. ಮತ್ತೆ ಕೈ ಹಿಡಿದು ಮೊದಲಿನಿಂದ ಶುರುಮಾಡಬೇಕಿತ್ತು.

ಕೈಯನ್ನು ಬಿಟ್ಟಿರಲೇ ಇಲ್ಲ, ಹಿಡಿದೇ ಇದ್ದೆ. ಅವ್ವ ಎಣಿಸುತ್ತಾ ಮೂವತ್ತೊಂದಕ್ಕೆ ಬಂದಿದ್ದಳು.